ಭೂತ, ಬಾವಿ, ಚಂಡೆಮದ್ದಳೆ: ದೊಡ್ಡ ತರಗತಿಯಲ್ಲಿ ನವ್ಯಕಾವ್ಯ

"ನವ್ಯಕಾವ್ಯದ ಲಕ್ಷಣಗಳನ್ನು ವಿವರಿಸಿರಿ." ಪ್ಲಸ್ ಟು ಮಕ್ಕಳಿಗೆ ಈ ಪ್ರಶ್ನೆ ಬಂದರೆ ಖುಷಿಯೋ ಖುಷಿ. ಗೈಡಿನಲ್ಲಿ ಉತ್ತರ ಸಿದ್ಧವಾಗಿದೆ. ಅನಾಥಪ್ರಜ್ಞೆ, ವ್ಯಕ್ತಿವಿಶಿಷ್ಟತೆ, ಪ್ರತಿಮೆ, ಸಂಕೇತ, ವ್ಯಂಗ್ಯ, ಪಾಶ್ಚಾತ್ಯ ಪ್ರಭಾವ, ಕೊನೆಗೆ ಛಂದಸ್ಸಿನ ನಿರಾಕರಣೆ. ಏಳು ಪದ ಬಾಯಿಪಾಠ ಮಾಡಿದರೆ ಮುಗಿಯಿತು. ಒಂದೇ ಒಂದು ನವ್ಯ ಕವಿತೆ ಓದದೆ ಪೂರ್ತಿ ಅಂಕ ತೆಗೆಯಬಹುದು!

ಈ ಏಳರಲ್ಲಿ ಕೊನೆಯದ್ದು, ಅಂದರೆ ಛಂದಸ್ಸಿನ ನಿರಾಕರಣೆ, ಅರ್ಧ ಸತ್ಯ ಮಾತ್ರ ಎಂಬುದು ನನ್ನ ಅಭಿಪ್ರಾಯ. ಉಳಿದ ಅರ್ಧವನ್ನು ಹುಡುಕಿಕೊಂಡು ಹೋದರೆ ನವ್ಯಕಾವ್ಯದ ಚರಿತ್ರೆಯೇ ಬೇರೆಯಾಗಿ ಕಾಣುತ್ತದೆ. ಮಾತ್ರವಲ್ಲ, ಆ ಚರಿತ್ರೆಯ ಒಂದು ತುದಿ ನಮ್ಮ ಊರಿನ ಹತ್ತಿರವೇ ಇದೆ. ಆದ್ದರಿಂದ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಕನ್ನಡದ ಪದ್ಯಕ್ಕೆ ಸಾವಿರ ವರ್ಷಕ್ಕೂ ಮೇಲ್ಪಟ್ಟು ಒಂದು ಕಟ್ಟು ಇತ್ತು. ಮೊದಲ ಸಾಲಿನ ಎರಡನೆಯ ಅಕ್ಷರದಲ್ಲಿ ಯಾವ ವ್ಯಂಜನ ಬಂದಿದೆಯೋ ಉಳಿದ ಎಲ್ಲಾ ಸಾಲುಗಳ ಎರಡನೆಯ ಅಕ್ಷರದಲ್ಲಿ ಅದೇ ವ್ಯಂಜನ ಬರಬೇಕು. ಇದೇ ದ್ವಿತೀಯಾಕ್ಷರ ಪ್ರಾಸ. ಇದಕ್ಕೆ ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಆರು ಬಗೆ. ವ್ಯಾಕರಣ ಪಾಠದಲ್ಲಿ ಈ ಹೆಸರುಗಳು ಬರುವಾಗ ಮಕ್ಕಳು ಮೃಗಾಲಯಕ್ಕೆ ಬಂದ ಹಾಗೆ ನಗುತ್ತಾರೆ. ನಗಲಿ. ಆದರೆ ಪಂಪನಿಂದ ಲಕ್ಷ್ಮೀಶನವರೆಗೆ ಎಲ್ಲರೂ ಈ ಕಟ್ಟಿನೊಳಗೇ ನಿಂತು ಬರೆದರು. ಇದರ ಗೊಡವೆಗೇ ಹೋಗದವರೆಂದರೆ ವಚನಕಾರರು. ಅವರ ದಾರಿಯೇ ಬೇರೆ.

ಈ ಕಟ್ಟನ್ನು ಬಿಚ್ಚಿ ಬರೆಯಲು ತೀರ್ಮಾನಿಸಿದವರು ಮಂಜೇಶ್ವರದ ಗೋವಿಂದ ಪೈಗಳು. ವರ್ಷ 1911. ಆಗ ಅವರಿಗೆ 28 ವಯಸ್ಸು. ಪ್ರಾಸವಿಲ್ಲದ ಪದ್ಯ ಪದ್ಯವೇ ಅಲ್ಲ ಎಂದು ಆ ಕಾಲದ ಪಂಡಿತರು ಟೀಕಿಸಿದರು. ಪೈಗಳು ಜಗ್ಗಲಿಲ್ಲ. 1930ರಲ್ಲಿ 'ಗಿಳಿವಿಂಡು' ಬಂತು. ಮುಂದೆ ಕ್ರಿಸ್ತನ ಕೊನೆಯ ದಿನವನ್ನು ಕುರಿತ 'ಗೊಲ್ಗೊಥಾ' ಬಂತು. 1949ರಲ್ಲಿ ಮದ್ರಾಸ್ ಸರಕಾರ ಅವರನ್ನು ರಾಷ್ಟ್ರಕವಿ ಎಂದು ಗೌರವಿಸಿತು. ಗೋವಿಂದ ಪೈಗಳು ನವ್ಯ ಕವಿ ಅಲ್ಲವೇ ಅಲ್ಲ, ಅದನ್ನು ಯಾರೂ ತಪ್ಪು ತಿಳಿಯಬಾರದು. ಅವರ ಭಾಷೆ ಸಂಸ್ಕೃತದ ಭಾರ ಹೊತ್ತದ್ದು, ಮನಸ್ಸು ಸಂಶೋಧಕನದ್ದು. ಆದರೆ ಒಂದು ಪ್ರಶ್ನೆ ಅವರಿಂದ ಶುರುವಾಯಿತು: ಪದ್ಯದಲ್ಲಿ ಯಾವುದನ್ನು ಬಿಟ್ಟರೂ ಅದು ಪದ್ಯವಾಗಿ ಉಳಿಯುತ್ತದೆ, ಯಾವುದನ್ನು ಬಿಟ್ಟರೆ ಸಾಯುತ್ತದೆ? ಪ್ರಾಸ ಬಿಟ್ಟರೂ ಉಳಿಯುತ್ತದೆ ಎಂದು ಅವರು ತೋರಿಸಿಕೊಟ್ಟರು. ಲಯ ಬಿಟ್ಟರೆ? ಆ ಪ್ರಶ್ನೆ ಮುಂದಿನವರಿಗೆ ಉಳಿಯಿತು.

1926ರಲ್ಲಿ ಬಿ.ಎಂ.ಶ್ರೀಯವರ 'ಇಂಗ್ಲಿಷ್ ಗೀತಗಳು' ಪುಸ್ತಕ ಬಂದ ಮೇಲೆ ಹೊಸ ಹೊಸ ಮಟ್ಟುಗಳು ಕನ್ನಡಕ್ಕೆ ಬಂದವು. ಬೇಂದ್ರೆ, ಕುವೆಂಪು, ಪುತಿನ ಇವರ ಬಗ್ಗೆ ಇಲ್ಲಿ ಹೇಳುವ ಅಗತ್ಯವಿಲ್ಲ, ಎಲ್ಲರಿಗೂ ಗೊತ್ತು. ಗೊತ್ತಿರಬೇಕಾದ ಇನ್ನೊಂದು ಹೆಸರು ಪೇಜಾವರ ಸದಾಶಿವ ರಾವ್. ನಮ್ಮ ಕರಾವಳಿಯವರೇ. 1913ರಲ್ಲಿ ಹುಟ್ಟಿ, ಓದಲು ಇಟಲಿಗೆ ಹೋಗಿ, 1939ರಲ್ಲಿ ಅಲ್ಲೇ ತೀರಿಕೊಂಡರು. ಅವರ 'ವರುಣ' ಎಂಬ ಕವಿತೆ ಮುಕ್ತ ಛಂದಸ್ಸಿನ ಮೊದಲ ಗಟ್ಟಿ ಪ್ರಯತ್ನಗಳಲ್ಲೊಂದು. ಇಪ್ಪತ್ತಾರರ ಆಸುಪಾಸಿನಲ್ಲಿ ತೀರಿಕೊಂಡ ಈ ಹುಡುಗ ಇನ್ನೂ ಹತ್ತು ವರ್ಷ ಬದುಕಿದ್ದರೆ ನವ್ಯದ ಚರಿತ್ರೆಯನ್ನು ಬೇರೆ ಇಸವಿಯಿಂದ ಬರೆಯಬೇಕಾಗುತ್ತಿತ್ತೋ ಏನೋ.

'ನವ್ಯ' ಎಂಬ ಹೆಸರನ್ನು ಚಲಾವಣೆಗೆ ತಂದವರು ವಿ.ಕೃ.ಗೋಕಾಕರು. ಅವರ 'ನವ್ಯ ಕವಿತೆಗಳು' 1950ರಲ್ಲಿ ಪ್ರಕಟವಾಯಿತು. ಹೆಸರು ಅವರದ್ದು, ನಿಜ. ಆದರೆ ಆ ಹೆಸರಿಗೆ ಬೇಕಾದ ಜೀವ ತುಂಬಿದ್ದು ಮೊಗೇರಿಯ ಗೋಪಾಲಕೃಷ್ಣ ಅಡಿಗರು.

ಅಡಿಗರು 1918ರಲ್ಲಿ ಹುಟ್ಟಿದ್ದು ಆಗಿನ ಕುಂದಾಪುರ ತಾಲೂಕಿನ ಮೊಗೇರಿಯಲ್ಲಿ. ಪೌರೋಹಿತ್ಯದ, ಪಂಚಾಂಗದ ಮನೆ. ಸುತ್ತ ಯಕ್ಷಗಾನ. ಮೊದಲ ಸಂಕಲನ 'ಭಾವತರಂಗ' ಬಂದದ್ದು 1946ರಲ್ಲಿ. ಅದರಲ್ಲಿ ಬೇಂದ್ರೆಯವರ ನೆರಳು ದಟ್ಟವಾಗಿದೆ. ಆ ಮೇಲೆ ಹೊಸ ನಾಡು ಕಟ್ಟುವ ಹುಮ್ಮಸ್ಸಿನ ಹಾಡುಗಳು. 1952ರ 'ನಡೆದು ಬಂದ ದಾರಿ'ಯಲ್ಲಿ ಆ ಹುಮ್ಮಸ್ಸಿಗೆ ಬಿರುಕು ಕಾಣುತ್ತದೆ. ಸ್ವಾತಂತ್ರ್ಯ ಬಂದು ಐದು ವರ್ಷ. ದೇಶ ಒಡೆದಿತ್ತು, ಗಾಂಧಿಯವರನ್ನು ಕೊಂದಾಗಿತ್ತು, ಖಾದಿ ಉಟ್ಟವರೆಲ್ಲ ಗಾಂಧಿಗಳಲ್ಲ ಎಂಬುದೂ ಜನರಿಗೆ ತಿಳಿಯತೊಡಗಿತ್ತು. ಅಂಥ ಸಂದರ್ಭದಲ್ಲಿ ಹಾಡಿನ ಇಂಪು ಸುಳ್ಳು ಹೇಳಿದ ಹಾಗೆ ಕೇಳಿಸಿದರೆ ಆಶ್ಚರ್ಯವೇನು? ಎರಡು ವರ್ಷದಲ್ಲಿ, 1954ಕ್ಕೆ, 'ಚಂಡೆಮದ್ದಳೆ' ಬಂತು.

ಆ ಹೆಸರನ್ನು ಸ್ವಲ್ಪ ನಿಂತು ನೋಡಿ. ಅಡಿಗರು ಇಂಗ್ಲಿಷ್ ಮೇಷ್ಟ್ರು. ಎಲಿಯಟ್‌ನನ್ನು, ಆಡೆನ್‌ನನ್ನು ಆಳವಾಗಿ ಓದಿದವರು. 1922ರಲ್ಲಿ ಬಂದ ಎಲಿಯಟ್‌ನ 'ದ ವೇಸ್ಟ್ ಲ್ಯಾಂಡ್' ಇಲ್ಲದಿದ್ದರೆ ಅಡಿಗರ ಕೆಲವು ಕವಿತೆಗಳು ಹೀಗೆ ಇರುತ್ತಿರಲಿಲ್ಲ ಎಂಬುದನ್ನು ಒಪ್ಪಬೇಕು. ಆದರೆ ತಮ್ಮ ಹೊಸ ಕಾವ್ಯಕ್ಕೆ ಹೆಸರಿಡುವಾಗ ಲಂಡನ್ನಿನ ಕಡೆ ನೋಡಲಿಲ್ಲ. ಬಯಲಾಟದ ರಂಗಸ್ಥಳದ ಕಡೆ ನೋಡಿದರು. ವೀಣೆ, ಕೊಳಲು, ಮುರಳಿ ಇವು ಹಿಂದಿನ ತಲೆಮಾರಿನ ಕವಿಗಳ ವಾದ್ಯಗಳು. ಚಂಡೆ ಹಾಗಲ್ಲ. ಅದು ನಿದ್ದೆ ಹೋದವನನ್ನು ಎಬ್ಬಿಸುತ್ತದೆ, ಯುದ್ಧಕ್ಕೆ ಬಡಿಯುತ್ತದೆ, ಹತ್ತಿರ ಕೂತರೆ ಎದೆಗೂಡು ನಡುಗುತ್ತದೆ. ಕುಂಬಳೆ ಪಾರ್ತಿಸುಬ್ಬನ ಊರಿನ ಮಕ್ಕಳಿಗೆ, ಕಲೋತ್ಸವದಲ್ಲಿ ಯಕ್ಷಗಾನಕ್ಕೆ ಬಣ್ಣ ಹಚ್ಚಿಕೊಳ್ಳುವ ಮಕ್ಕಳಿಗೆ, ಇದನ್ನು ವಿವರಿಸಿ ಹೇಳಬೇಕೇ? ಅವರೇ ನಮಗೆ ವಿವರಿಸಿಯಾರು.

ಈಗ ಛಂದಸ್ಸಿನ ವಿಷಯಕ್ಕೆ ಬರೋಣ. ಅಡಿಗರ ಮುಂದಿನ ಸಂಕಲನ 1959ರ 'ಭೂಮಿಗೀತ'. ಅದರಲ್ಲಿ 'ಭೂತ' ಎಂಬ ಒಂದು ಕವಿತೆ ಇದೆ. ದೊಡ್ಡ ಮಕ್ಕಳಿಗೆ ನವ್ಯದಿಂದ ಒಂದೇ ಒಂದು ಕವಿತೆ ಓದಿಸಲು ಅವಕಾಶವಿದ್ದರೆ ನಾನು ಇದನ್ನೇ ಆರಿಸುತ್ತೇನೆ. ಮೊದಲು ಅರ್ಥದ ತಂಟೆಗೆ ಹೋಗಬೇಡಿ. ಮೊದಲ ಸಾಲನ್ನು ಕಪ್ಪು ಹಲಗೆಯ ಮೇಲೆ ಬರೆದು, ಒಂಬತ್ತನೇ ತರಗತಿಯಲ್ಲಿ ಕಲಿಸಿದ ಹಾಗೆ ಲಘು, ಗುರು ಗುರುತು ಹಾಕಿಸಿ. ಪ್ರಸ್ತಾರ ಹಾಕಿ ಗಣ ವಿಭಾಗ ಮಾಡಿದರೆ ಐದು ಮಾತ್ರೆಯ ಗಣಗಳು ಒಂದರ ಹಿಂದೆ ಒಂದು ಬರುವುದು ಕಾಣುತ್ತದೆ. ಐದು ಮಾತ್ರೆಯ ಗಣ ಎಂದ ಕೂಡಲೇ ನೆನಪಾಗುವುದು ವಾರ್ಧಕ ಷಟ್ಪದಿ! ಲಕ್ಷ್ಮೀಶನ ಜೈಮಿನಿ ಭಾರತದ ನಡಿಗೆ. ಯಕ್ಷಗಾನ ಪ್ರಸಂಗಗಳಲ್ಲಿ ಭಾಗವತರು ಹೇಳುವ ವಾರ್ಧಕದ ನಡಿಗೆ. ಭಾಮಿನಿಯ ಮೂರು-ನಾಲ್ಕರ ಓಟವಲ್ಲ, ಐದೈದರ ಗಂಭೀರ ಹೆಜ್ಜೆ.

ಹಾಗಾದರೆ ಅಡಿಗರು ಮಾಡಿದ್ದೇನು? ವಾರ್ಧಕದಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲಿಗೆ ನಾಲ್ಕು ಗಣ. ಮೂರು ಮತ್ತು ಆರನೆಯ ಸಾಲಿಗೆ ಆರು ಗಣ, ಮೇಲೊಂದು ಗುರು. ಇದು ಲೆಕ್ಕ. ಅಡಿಗರು ಗಣವನ್ನು ಇಟ್ಟುಕೊಂಡು ಲೆಕ್ಕವನ್ನು ಬಿಟ್ಟರು. ಸಾಲು ಎಲ್ಲಿ ನಿಲ್ಲಬೇಕು ಎಂಬುದನ್ನು ಷಟ್ಪದಿ ಹೇಳುವುದಿಲ್ಲ, ಮಾತಿನ ಅರ್ಥ ಹೇಳುತ್ತದೆ. ವಾಕ್ಯ ಒಂದು ಸಾಲಿನಿಂದ ಮುಂದಿನ ಸಾಲಿಗೆ ಹರಿಯುತ್ತದೆ, ನಡುವೆಯೇ ಗಕ್ಕನೆ ನಿಲ್ಲುತ್ತದೆ, ಒಮ್ಮೆ ಎರಡೇ ಗಣಕ್ಕೆ ಮುಗಿಯುತ್ತದೆ. ಕಿವಿಗೆ ಹಳೆಯ ತಾಳ ಕೇಳುತ್ತಲೇ ಇರುತ್ತದೆ, ಆದರೆ ಅದು ನಾವು ನಿರೀಕ್ಷಿಸಿದ ಜಾಗದಲ್ಲಿ ಬೀಳುವುದಿಲ್ಲ. ಆ ಕಸಿವಿಸಿಯೇ ಕವಿತೆಯ ಅನುಭವದ ಒಂದು ಭಾಗ. ಗೈಡಿನ 'ಛಂದಸ್ಸಿನ ನಿರಾಕರಣೆ' ಎಂಬ ಎರಡು ಪದದಲ್ಲಿ ಇದೆಲ್ಲ ಕಳೆದುಹೋಗುತ್ತದೆ.

ನವ್ಯ ಕವಿತೆಯನ್ನು ಹಾಡಲಿಕ್ಕೆ ಬರುವುದಿಲ್ಲ, ಆದ್ದರಿಂದ ಕನ್ನಡ ಪದ್ಯ ಹೇಳುವ ಸ್ಪರ್ಧೆಗೆ ಅದು ಬೇಡ ಎಂದು ನಮ್ಮಲ್ಲಿ ಒಂದು ರೂಢಿ ಇದೆ. ರಾಗ ಹಾಕಿ ಹಾಡಲು ಬರುವುದಿಲ್ಲ, ಸರಿ. ಆದರೆ ಗಟ್ಟಿಯಾಗಿ ಓದಲು ಬರುತ್ತದೆ. ಓದಲೇಬೇಕು. ಬಾಯಿ ಬಿಟ್ಟು ಓದದೆ ನವ್ಯಕಾವ್ಯ ಕಷ್ಟ ಎನ್ನುವವರು ಅಡುಗೆ ಪುಸ್ತಕ ಓದಿ ಉಪ್ಪು ಕಡಿಮೆ ಎಂದ ಹಾಗೆ!

ಇನ್ನು ಅರ್ಥ. 'ಭೂತ' ಎಂಬ ಒಂದೇ ಪದದಲ್ಲಿ ಎಷ್ಟು ಅರ್ಥ ಇದೆ ಎಂದು ತರಗತಿಯಲ್ಲಿ ಕೇಳಿ ನೋಡಿ. ಒಬ್ಬ ಭೂತಕಾಲ ಎನ್ನುತ್ತಾನೆ, ಇನ್ನೊಬ್ಬಳು ದೆವ್ವ ಎನ್ನುತ್ತಾಳೆ, ಪಂಚಭೂತ ಎಂದು ಮತ್ತೊಬ್ಬರು. ಅಡಿಗರು ಈ ಅರ್ಥಗಳನ್ನು ಒಂದರೊಳಗೊಂದು ಹೆಣೆಯುತ್ತಾರೆ. ಕಳೆದುಹೋದ ಕಾಲ ದೆವ್ವದ ಹಾಗೆ ಕಾಡುತ್ತದೆ. ಹೂತುಹೋದ ಹಳೆಯ ಬಾವಿಯಿಂದ ಹಳಸಿದ ಗಾಳಿ ಮೇಲೆ ಬರುತ್ತದೆ. ಹಾಗೆಂದು ಅದರಿಂದ ಓಡಿಹೋಗಲು ಕವಿತೆ ಹೇಳುವುದಿಲ್ಲ, ಅದಕ್ಕೆ ಅಡ್ಡಬೀಳಲೂ ಹೇಳುವುದಿಲ್ಲ. ಅಗೆಯಬೇಕು. ಅಗೆದರೆ ಮೊದಲು ಸಿಗುವುದು ಬರೀ ಮಣ್ಣು. ಇನ್ನೂ ಆಳಕ್ಕೆ ಹೋದರೆ ಚಿನ್ನದ ಅದಿರು. ಅದಿರನ್ನೇ ಕೊರಳಿಗೆ ಹಾಕಿಕೊಳ್ಳಲು ಆಗುತ್ತದೆಯೇ? ಅದನ್ನು ಸುಡಬೇಕು, ಶುದ್ಧ ಮಾಡಬೇಕು, ಬಡಿದು ತನಗೆ ಬೇಕಾದ ಮೂರ್ತಿಯ ರೂಪಕ್ಕೆ ತರಬೇಕು. ಬಾವಿಯಲ್ಲೇ ನಿಂತ ನೀರು ಕೊಳೆಯುತ್ತದೆ. ಆವಿಯಾಗಿ ಮೇಲೇರಿ ಮಳೆಯಾಗಿ ಇಳಿದರೆ ಗದ್ದೆ ಹಸುರಾಗುತ್ತದೆ. ಸ್ಥೂಲವಾಗಿ ಕವಿತೆಯ ಓಟ ಇಷ್ಟು.

ಎಲಿಯಟ್ 1919ರಲ್ಲಿ ಪರಂಪರೆಯನ್ನು ಕುರಿತು ಬರೆದ ಪ್ರಸಿದ್ಧ ಪ್ರಬಂಧದಲ್ಲಿಯೂ ಇಂಥದೇ ವಿಚಾರ ಇದೆ: ಪರಂಪರೆ ಪಿತ್ರಾರ್ಜಿತವಾಗಿ ಕೈಗೆ ಬರುವುದಿಲ್ಲ, ದುಡಿದು ಗಳಿಸಬೇಕು. ಇಂಗ್ಲೆಂಡಿನ ಲೇಖಕ ಅದನ್ನು ಪ್ರಬಂಧದಲ್ಲಿ ವಾದ ಮಾಡಿದ. ಅಡಿಗರು ಬಾವಿ, ಗುದ್ದಲಿ, ಅಕ್ಕಸಾಲಿಗನ ಕುಲುಮೆ, ಗದ್ದೆ ಇವುಗಳಲ್ಲಿ ತೋರಿಸಿದರು. ಇವೆರಡರಲ್ಲಿ ಯಾವುದು ಮನಸ್ಸಿಗೆ ಹೆಚ್ಚು ಹತ್ತಿರ ಎಂದು ಮಕ್ಕಳನ್ನೇ ಕೇಳಿ. ಪ್ರಭಾವ ಎಂದರೆ ಏನು, ನಕಲು ಎಂದರೆ ಏನು ಎಂಬ ಚರ್ಚೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ತುಳುನಾಡಿನ ಮಕ್ಕಳಿಗೆ 'ಭೂತ'ಕ್ಕೆ ನಾಲ್ಕನೆಯ ಅರ್ಥವೂ ಗೊತ್ತು. ಭೂತ ಎಂದರೆ ದೈವ. ಕೋಲದ ರಾತ್ರಿ ನುಡಿ ಕೊಡುವ, ನ್ಯಾಯ ಹೇಳುವ ದೈವ. ಕೋಟಿ ಚೆನ್ನಯರು ಮನುಷ್ಯರಾಗಿ ಹುಟ್ಟಿ, ಅನ್ಯಾಯದ ವಿರುದ್ಧ ನಿಂತು, ಸತ್ತು ದೈವಗಳಾದವರು. ಕೊರಗತನಿಯ ಕೊರಗರ ಹುಡುಗ. ಕೋಲ ಕಟ್ಟುವವರು ನಲಿಕೆ, ಪಂಬದ, ಪರವ ಸಮುದಾಯದವರು. ಹಗಲು ಅಂಗಳದ ಹೊರಗೆ ನಿಲ್ಲಬೇಕಾಗಿದ್ದ ಮನುಷ್ಯನ ಎದುರಿಗೆ ರಾತ್ರಿ ಯಜಮಾನನೇ ಕೈ ಮುಗಿದು ನಿಲ್ಲುತ್ತಿದ್ದ. ನಮ್ಮಲ್ಲಿ ಭೂತ ಎಂದರೆ ಕಳೆದ ಕಾಲ ಮಾತ್ರವಲ್ಲ, ಕಳೆದ ಕಾಲದಲ್ಲಿ ತೀರದೆ ಉಳಿದ ಲೆಕ್ಕ. ಅಡಿಗರು ಈ ಅರ್ಥವನ್ನು ಮನಸ್ಸಿನಲ್ಲಿಟ್ಟೇ ಬರೆದರು ಎಂಬುದು ನನ್ನ ವಾದವಲ್ಲ. ಆದರೆ ಓದುವವರು ತಮ್ಮ ನೆಲದ ಅರ್ಥವನ್ನು ಕವಿತೆಯ ಎದುರಿಗೆ ತಂದು ನಿಲ್ಲಿಸಿದರೆ ಆಗ ನಿಜವಾದ ವಿಮರ್ಶೆ ಶುರುವಾಗುತ್ತದೆ.

ಯಾಕೆಂದರೆ ಆಗ ಕೆಲವು ಕಠಿಣ ಪ್ರಶ್ನೆಗಳು ಏಳುತ್ತವೆ. ಆ ಬಾವಿ ಯಾರ ಅಂಗಳದ್ದು? ಗುದ್ದಲಿ ಹಿಡಿದವರು ಯಾರು? ಕುಲುಮೆ ಊದಿದವರು ಯಾರು, ಮೂರ್ತಿಗೆ ಪೂಜೆ ಮಾಡುವವರು ಯಾರು? ಅಗೆದರೆ ಚಿನ್ನ ಸಿಗುತ್ತದೆ ಎಂಬ ಭರವಸೆ ಎಲ್ಲರಿಗೂ ಇದೆಯೇ? ಯಾರ ಅಜ್ಜಿಗೆ ಆ ಬಾವಿಯ ಹಗ್ಗ ಮುಟ್ಟಲು ಬಿಟ್ಟಿರಲಿಲ್ಲವೋ ಅವಳ ಮೊಮ್ಮಗಳು ಹಿಂದಿನದನ್ನು ಅಗೆದರೆ ಏನು ಸಿಕ್ಕೀತು?

ಈ ಪ್ರಶ್ನೆಗಳನ್ನು ನಾವು ಮೊದಲಿಗೆ ಕೇಳುತ್ತಿರುವುದಲ್ಲ. 1970ರ ದಶಕದಲ್ಲಿ ಕನ್ನಡದಲ್ಲಿ ನಡೆದ ದೊಡ್ಡ ಜಗಳ ಇದೇ. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ನವ್ಯರು ತಮ್ಮ ಒಳಗಿನ ತಳಮಳವನ್ನೇ ಜಗತ್ತಿನ ತಳಮಳ ಎಂದುಕೊಂಡರು, ಹಸಿವು ಅವಮಾನಗಳು ಅವರ ಕಣ್ಣಿಗೆ ಬೀಳಲಿಲ್ಲ, ಅವರ ಭಾಷೆ ಓದಿದವರಿಗೆ ಮಾತ್ರ ಎಂಬುದು ಆ ತಲೆಮಾರಿನ ಆರೋಪ. ಸಿದ್ಧಲಿಂಗಯ್ಯನವರು ಮತ್ತೆ ಹಾಡಿಗೆ ಹಿಂದಿರುಗಿದ್ದನ್ನು ಗಮನಿಸಬೇಕು. ಮೆರವಣಿಗೆಯಲ್ಲಿ ಸಾವಿರ ಜನ ಒಟ್ಟಿಗೆ ಹೇಳಬೇಕಾದರೆ ಹಾಡೇ ಬೇಕು. ಅಡಿಗರಿಗೆ ಸುಳ್ಳಾಗಿ ಕೇಳಿಸಿದ ಹಾಡು ಇಪ್ಪತ್ತು ವರ್ಷದ ನಂತರ ಇನ್ನೊಬ್ಬ ಕವಿಗೆ ನಿಜ ಹೇಳುವ ಸಾಧನವಾಯಿತು! ಕಾವ್ಯದ ರೂಪ ತನ್ನಷ್ಟಕ್ಕೆ ಪ್ರಗತಿಪರವೂ ಅಲ್ಲ, ಪ್ರತಿಗಾಮಿಯೂ ಅಲ್ಲ. ಯಾರ ಬಾಯಲ್ಲಿ, ಯಾವ ಹೊತ್ತಿನಲ್ಲಿ ಎಂಬುದರ ಮೇಲಿದೆ. ಇದು ಸಾಹಿತ್ಯ ಚರಿತ್ರೆಯ ಪಾಠ, ಕಾಲಘಟ್ಟಗಳ ಪಟ್ಟಿಯಲ್ಲಿ ಸಿಗುವುದಿಲ್ಲ.

ಇನ್ನೊಂದು ಕೊರತೆಯನ್ನು ಹೆಣ್ಣುಮಕ್ಕಳು ಬೇಗ ಗುರುತಿಸುತ್ತಾರೆ. ನವ್ಯದ ಮೊದಲ ಸಾಲಿನಲ್ಲಿ ಅಡಿಗರು, ರಾಮಚಂದ್ರ ಶರ್ಮರು, 1969ರಲ್ಲಿ 'ಹೊಕ್ಕುಳಲ್ಲಿ ಹೂವಿಲ್ಲ' ತಂದ ಎ.ಕೆ.ರಾಮಾನುಜನ್, ಎಲ್ಲ ಗಂಡಸರೇ. ಹೆಣ್ಣು ಅಲ್ಲಿ ಭೂಮಿಯಾಗಿ, ತಾಯಿಯಾಗಿ, ಆಕರ್ಷಣೆಯಾಗಿ ಬರುತ್ತಾಳೆ, ಮಾತಾಡುವವಳಾಗಿ ಬರುವುದು ಕಡಿಮೆ. ಅದೇ ಕುಂದಾಪುರದ ವೈದೇಹಿಯವರ 'ಬಿಂದು ಬಿಂದಿಗೆ' 1990ರಲ್ಲಿ ಬರುವ ಹೊತ್ತಿಗೆ ನೀರು ತುಂಬುವವಳ ಕಡೆಯಿಂದಲೂ ಬಾವಿಯನ್ನು ನೋಡುವುದು ಸಾಧ್ಯವಾಗಿತ್ತು.

ಹಾಗಾದರೆ ಇಷ್ಟೆಲ್ಲ ತಕರಾರು ಇರುವ ಕಾವ್ಯವನ್ನು ಯಾಕೆ ಓದಿಸಬೇಕು? ಕೆಲವು ಹಿರಿಯ ಸಹೋದ್ಯೋಗಿಗಳು ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. ನನ್ನ ಉತ್ತರ ಇಷ್ಟೇ: ತಕರಾರು ಮಾಡಲು ಕಲಿಸುವ ಕವಿತೆಗಳು ಹೆಚ್ಚಿಲ್ಲ. ಹಿಂದಿನದನ್ನು ಸುಡು, ಸೋಸು ಎಂದು ಹೇಳಿದ ಕವಿತೆಯನ್ನೇ ಸುಟ್ಟು ಸೋಸಿ ನೋಡಿದರೆ ಅದಕ್ಕೆ ಅವಮಾನವಾಗುವುದಿಲ್ಲ. ಎಲ್ಲವೂ ಉಳಿಯುತ್ತದೆ ಎಂದೂ ನಾನು ಹೇಳುವುದಿಲ್ಲ. ಅಡಿಗರಲ್ಲೇ ನೆಹರೂ ಅವರ ಹೆಸರನ್ನು ತಲೆಬರಹದಲ್ಲಿ ಹೊತ್ತ ಕವಿತೆಯೊಂದಿದೆ. ಅದನ್ನು ಓದಿಸಬೇಕಾದರೆ ಆ ಕಾಲದ ಪತ್ರಿಕೆಗಳ ಸುದ್ದಿಯನ್ನೂ ಜತೆಗೆ ಹೇಳಬೇಕಾಗುತ್ತದೆ. 'ಭೂತ'ಕ್ಕೆ ಆ ಆಸರೆ ಬೇಡ. ಅಡಿಗರನ್ನು ಅನುಕರಿಸಿ ಬರೆದ ನೂರಾರು ಕವಿತೆಗಳಂತೂ ಹೋದವು. ಅನಾಥಪ್ರಜ್ಞೆ ಫ್ಯಾಷನ್ ಆದ ದಿನಗಳಲ್ಲಿ ತುಂಬಿದ ಮನೆಯಲ್ಲಿ ಉಂಡು ಮಲಗುವವರೂ ಅನಾಥರಾಗಿದ್ದರು!

ವಿಧಾನದ ಬಗ್ಗೆ ಒಂದು ಮಾತು. ಕೇಂಬ್ರಿಜ್‌ನಲ್ಲಿ ಐ.ಎ.ರಿಚರ್ಡ್ಸ್ ಎಂಬ ಪ್ರಾಧ್ಯಾಪಕ ಕವಿಯ ಹೆಸರು ಅಳಿಸಿ ಕವಿತೆಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟು ಅನಿಸಿದ್ದನ್ನು ಬರೆಯಲು ಹೇಳುತ್ತಿದ್ದ. ಆ ಬರಹಗಳನ್ನು ಪರಿಶೀಲಿಸಿ 1929ರಲ್ಲಿ ಪುಸ್ತಕ ತಂದ. ದೊಡ್ಡ ಕವಿಗಳನ್ನು ವಿದ್ಯಾರ್ಥಿಗಳು ಬೈದಿದ್ದರು, ಸಾಧಾರಣ ಪದ್ಯಗಳನ್ನು ಹೊಗಳಿದ್ದರು. ಕನ್ನಡದ ನವ್ಯ ವಿಮರ್ಶೆಗೆ ಈ ಪ್ರಾಯೋಗಿಕ ವಿಮರ್ಶೆಯ ಋಣ ದೊಡ್ಡದು. 1962ರಲ್ಲಿ ಅಡಿಗರು ಶುರುಮಾಡಿದ 'ಸಾಕ್ಷಿ' ಪತ್ರಿಕೆ ಇಂಥ ಓದಿಗೆ ಜಾಗ ಕೊಟ್ಟಿತು. ನಮ್ಮ ತರಗತಿಯಲ್ಲಿಯೂ ಇದು ಸುಲಭ. ಹೆಸರಿಲ್ಲದ ಒಂದು ಹಾಳೆ, ಒಂದು ಪೀರಿಯಡ್ ಸಾಕು. ಹೆಸರು ಗೊತ್ತಿಲ್ಲದಾಗ ಮಕ್ಕಳು ಹೆದರುವುದಿಲ್ಲ. ಆದರೆ ಇದರಲ್ಲೇ ನಿಲ್ಲಬಾರದು. ಎರಡನೆಯ ಪೀರಿಯಡಿನಲ್ಲಿ ಹೆಸರು, ಇಸವಿ, ಊರು ಹೇಳಿ ಮತ್ತೆ ಓದಿಸಬೇಕು. ಬಾವಿ ಯಾರದ್ದು ಎಂಬ ಪ್ರಶ್ನೆ ಹುಟ್ಟುವುದು ಆಗಲೇ.

ಗಡಿಯ ಈಚೆಗಿನ ನಮಗೆ ಇನ್ನೊಂದು ಅನುಕೂಲ ಇದೆ, ಅದನ್ನು ನಾವು ಬಳಸುವುದೇ ಇಲ್ಲ. 'ಭೂಮಿಗೀತ' ಬಂದ ಮರುವರ್ಷ, 1960ರಲ್ಲಿ, ಮಲಯಾಳದಲ್ಲಿ ಅಯ್ಯಪ್ಪ ಪಣಿಕ್ಕರ್ ಅವರ 'ಕುರುಕ್ಷೇತ್ರಂ' ಪ್ರಕಟವಾಯಿತು. ಅವರೂ ಇಂಗ್ಲಿಷ್ ಅಧ್ಯಾಪಕರು, ಅವರಿಗೂ ಎಲಿಯಟ್ ಬೇಕು, ಅವರೂ ಹೊಸ ಕಾಲದ ಸಂಕಟಕ್ಕೆ ಹೆಸರು ಹುಡುಕಿದ್ದು ಮಹಾಭಾರತದಲ್ಲಿ. ಎರಡೂ ಭಾಷೆ ಬಲ್ಲ ನಮ್ಮ ಮಕ್ಕಳು ಈ ಎರಡನ್ನೂ ಮೂಲದಲ್ಲೇ ಹೋಲಿಸಬಲ್ಲರು. ಬೆಂಗಳೂರಿನ ಮಕ್ಕಳಿಗೆ ಈ ಭಾಗ್ಯ ಇಲ್ಲ, ತಿರುವನಂತಪುರದವರಿಗೂ ಇಲ್ಲ.

ಮತ್ತೆ ಕಾಸರಗೋಡಿನವರೇ ಆದ ಕೆ.ವಿ.ತಿರುಮಲೇಶರು. 1940ರಲ್ಲಿ ಕಾರಡ್ಕದಲ್ಲಿ ಹುಟ್ಟಿದವರು. ಹದಿನಾರನೇ ವಯಸ್ಸಿನ ಹೊತ್ತಿಗೆ, 1956ರ ನವೆಂಬರ್ 1ರಂದು, ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. 1968ರಲ್ಲಿ 'ಮುಖವಾಡಗಳು' ಎಂಬ ಅಪ್ಪಟ ನವ್ಯ ಸಂಕಲನದಿಂದ ಶುರುಮಾಡಿದರು, ಹೈದರಾಬಾದಿನಲ್ಲಿ ಭಾಷಾವಿಜ್ಞಾನ ಕಲಿಸಿದರು. ನವ್ಯದ ಗುಂಗಿನಲ್ಲೇ ಉಳಿಯದೆ 1990ರ 'ಮಹಾಪ್ರಸ್ಥಾನ'ದ ಹೊತ್ತಿಗೆ ಬೇರೆ ದಾರಿ ಹಿಡಿದರು. 2010ರ 'ಅಕ್ಷಯ ಕಾವ್ಯ' ಕತೆಯೂ ಇಲ್ಲದ, ಕಟ್ಟೂ ಇಲ್ಲದ ದೀರ್ಘ ಕಾವ್ಯ. ಅದಕ್ಕೆ 2015ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2023ರ ಜನವರಿಯಲ್ಲಿ ತೀರಿಕೊಂಡರು. ಮಂಜೇಶ್ವರದಲ್ಲಿ ಪ್ರಾಸ ಬಿಟ್ಟ ವರ್ಷಕ್ಕೂ ಕಾರಡ್ಕದವರ 'ಅಕ್ಷಯ ಕಾವ್ಯ'ಕ್ಕೂ ನಡುವೆ 99 ವರ್ಷ. ಬಸ್ಸಿನಲ್ಲಿ ಹೋದರೆ ಒಂದೂವರೆ ಗಂಟೆಯ ದಾರಿ ಇರಬಹುದು.

ಈ ಸಲದ ಪರೀಕ್ಷೆಯಲ್ಲಿ ಒಬ್ಬ ಹುಡುಗಿ ಲಕ್ಷಣಗಳ ಪ್ರಶ್ನೆಗೆ ಏಳು ಪದ ಬರೆಯಲಿಲ್ಲ. ಐದು ಮಾತ್ರೆಯ ಗಣ ವಿಭಾಗ ಮಾಡಿ ತೋರಿಸಿ, ಇಲ್ಲಿ ಛಂದಸ್ಸು ಇದೆಯಲ್ಲ ಎಂದು ಬರೆದಿದ್ದಳು. ಕೆಳಗೆ ಇನ್ನೊಂದು ವಾಕ್ಯ: ನಮ್ಮ ಮನೆಯ ಹಿರಿಯರು ಬಾವಿ ತೋಡುವವರು, ಅವರಿಗೆ ಚಿನ್ನ ಸಿಕ್ಕಿದ್ದು ನಾನು ಕೇಳಿಲ್ಲ, ನೀರು ಸಿಕ್ಕಿದೆ, ಅದನ್ನು ಬೇರೆಯವರು ಕುಡಿದಿದ್ದಾರೆ. ಉತ್ತರ ಸೂಚಿಯಲ್ಲಿ ಇದಕ್ಕೆ ಅಂಕ ಎಲ್ಲಿಯೂ ಇಲ್ಲ. ಐದಕ್ಕೆ ಐದು ಕೊಟ್ಟು, ಪಕ್ಕದಲ್ಲಿ ಸಹಿ ಹಾಕಿದ್ದೇನೆ.